ಕುಗ್ಗುವ ಗೋಡೆಯ ದಿಮ್ಮಿಮನೆ

1853ರ ಕ್ರಿಸ್‌ಮಸ್ ಹಿಂದಿನ ದಿನ ನಾರ್ವೆಯಿಂದ ಹೊರಟಿದ್ದ ಒಂದು ಹೊಸ ಜೋಡಿ ಅಮೆರಿಕದ ಅಯೋವಾ ರಾಜ್ಯದ ವಾಷಿಂಗ್ಟನ್ ಪ್ರೇರಿ ಅನ್ನೋ ಜಾಗ ತಲುಪಿತು. ಗಂಡ ಉಲ್ರಿಕ್ ವಿಲ್ಹೆಲ್ಮ್ ಕೊರೆನ್, ಲೂಥರನ್ (ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಥ) ಪಾದ್ರಿ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಬಂದು ನೆಲೆಸಿದ ಮೊದಲ ನಾರ್ವೇಜಿಯನ್ ಲೂಥರನ್ ಪಾದ್ರಿ ಇವರೇ. ಹೆಂಡತಿ ಎಲಿಸಬೆತ್‌ಗೆ ಆಗ 21 ವರ್ಷ. ಇವರಿಗಾಗಿ ಕಟ್ಟಬೇಕಿದ್ದ ಪಾದ್ರಿಮನೆ ಸಿದ್ಧವಾಗಿದ್ದು ಮುಂದಿನ ವರ್ಷ. ಆ ಚಳಿಗಾಲ ಕಳೆಯುವುದು ಎಲ್ಲಿ? ಮೊದಲೇ ಬಂದು ನೆಲೆಸಿದ್ದ ಎರಿಕ್ ಮತ್ತು ಹೆಲೆನ್ ಎಗ್ಗೆ ದಂಪತಿ ತಮ್ಮ ದಿಮ್ಮಿಮನೆಯಲ್ಲೇ ಜಾಗ ಮಾಡಿಕೊಟ್ಟರು. 16 ಅಡಿ ಉದ್ದ, 14 ಅಡಿ ಅಗಲ, ಅಷ್ಟೇ. ಎಗ್ಗೆಯವರ ಇಬ್ಬರು ಮಕ್ಕಳೂ ಸೇರಿ ಆರು ಜನ, ನಡುವೆ ಬಟ್ಟೆಯ ಪರದೆ. ಎಲಿಸಬೆತ್ ದಿನಚರಿ ಬರೆಯುತ್ತಿದ್ದರಿಂದ ಆ ಚಳಿಗಾಲದ ಕಥೆ ನಮಗೆ ಸಿಕ್ಕಿದೆ.

ಅಯೋವಾದ ಉತ್ತರ ಭಾಗದ ಚಳಿ ಅಂದರೆ ಸುಮ್ನೆ ಅಲ್ಲ, ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಲ್ಲಿ ಮಾಮೂಲು. ಒಂದು ಸಣ್ಣ ಲೆಕ್ಕ ಹಾಕೋಣ. ಗೋಡೆಯ ದಿಮ್ಮಿ 15 ಸೆಂ.ಮೀ. ದಪ್ಪ, ಎತ್ತರ ಸುಮಾರು ಏಳು ಅಡಿ, ಒಳಗಿನ ಬಿಸಿ 15 ಡಿಗ್ರಿ ಅಂತ ಇಟ್ಟುಕೊಳ್ಳಿ. ಆಗ ನಾಲ್ಕೂ ಗೋಡೆಗಳ ಮೂಲಕ ಸೋರಿಹೋಗುವ ಶಾಖ ಹೆಚ್ಚುಕಡಿಮೆ 1000 ವಾಟ್. ಸುಮ್ಮನೆ ಕೂತ ದೊಡ್ಡವರೊಬ್ಬರ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ. ಮಕ್ಕಳದ್ದೂ ಸೇರಿಸಿದರೆ ಆರು ಜನರಿಂದ 500 ವಾಟ್ ಹತ್ತಿರ. ಅಂದರೆ ಗೋಡೆ ಕಳೆದುಕೊಳ್ಳುವ ಶಾಖದ ಅರ್ಧದಷ್ಟನ್ನು ಆ ಮನೆಯವರ ಮೈಗಳೇ ತುಂಬಿಕೊಡುತ್ತಿದ್ದವು! ಚಾವಣಿ, ನೆಲ, ಸಂದಿಗಳಿಂದ ಹೋಗುವುದು ಬೇರೆ, ಅದಕ್ಕೆ ಒಲೆ ಉರಿಯಲೇಬೇಕಿತ್ತು. ಅಷ್ಟೇ ದಪ್ಪದ ಇಟ್ಟಿಗೆ ಗೋಡೆಯಾಗಿದ್ದರೆ ಈ ನಷ್ಟ ಎರಡು ಪಟ್ಟಿಗೂ ಜಾಸ್ತಿ ಆಗುತ್ತಿತ್ತು. ಒಣಗಿದ ಮರದ ಒಳಗೆ ಇರುವುದು ಸತ್ತ ಕೋಶಗಳ ಟೊಳ್ಳು ಕೊಳವೆಗಳು, ಅವುಗಳಲ್ಲಿ ಸಿಕ್ಕಿಬಿದ್ದ ಗಾಳಿ. ಅಲ್ಲಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ.

ಆದರೆ ನನಗೆ ಇಂಥ ಮನೆಗಳಲ್ಲಿ ತುಂಬಾ ಇಷ್ಟವಾಗುವುದು ಬೆಚ್ಚಗಿರುವ ಗುಣವಲ್ಲ, ಅವು ಕುಗ್ಗುವ ರೀತಿ.

ಮಳೆಗಾಲದಲ್ಲಿ ನಮ್ಮ ಮನೆಯ ಮರದ ಬಾಗಿಲು ಬಿಗಿಯಾಗುತ್ತದೆ, ಅಲ್ವಾ? ಗಮನಿಸಿ ನೋಡಿ, ಅದು ಉಬ್ಬುವುದು ಅಗಲಕ್ಕೆ, ಎತ್ತರಕ್ಕೆ ಅಷ್ಟಾಗಿ ಅಲ್ಲ. ಮರದ ನಾರುಗಳು ಕಾಂಡದ ಉದ್ದಕ್ಕೂ ಮಲಗಿರುತ್ತವೆ. ನೀರು ಸೇರಿಕೊಳ್ಳುವುದು ಅವುಗಳ ಗೋಡೆಯ ಒಳಗೆ. ನೀರು ಹೋದರೆ ನಾರು ತೆಳ್ಳಗಾಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಹಸಿ ಮರ ಪೂರ್ತಿ ಒಣಗುವಾಗ ಅಡ್ಡಕ್ಕೆ ನೂರಕ್ಕೆ 4ರಿಂದ 8 ಭಾಗ ಕುಗ್ಗಬಹುದು, ಉದ್ದಕ್ಕೆ ಬರೀ 0.1ರ ಆಸುಪಾಸು. ಈಗ ದಿಮ್ಮಿಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿದ ಗೋಡೆಯನ್ನು ಯೋಚಿಸಿ. ಪ್ರತಿ ದಿಮ್ಮಿಯೂ ತೆಳ್ಳಗಾಗುತ್ತದೆ, ಇಡೀ ಗೋಡೆ ಕೆಳಗೆ ಕೂರುತ್ತದೆ. ಹಸಿ ಮರದಲ್ಲಿ ಕಟ್ಟಿದರೆ ಮೀಟರಿಗೆ 3ರಿಂದ 5 ಸೆಂ.ಮೀ. ಇಳಿಯುವುದು ಹೊಸದೇನಲ್ಲ.

ಬಾಗಿಲ ಚೌಕಟ್ಟಿನ ನಿಲುವು ಕಂಬ ಮಾತ್ರ ನಿಂತೇ ಇರುತ್ತದೆ, ಅದು ಇಳಿಯುವುದಿಲ್ಲ. ಬಡಗಿ ಅದನ್ನು ಮೇಲಿನ ದಿಮ್ಮಿಗೆ ತಾಗಿಸಿ ಕೂರಿಸಿದನೋ, ಕೆಲಸ ಕೆಟ್ಟಂತೆ. ಗೋಡೆಯ ಭಾರವೆಲ್ಲ ಆ ಕಂಬದ ಮೇಲೆ ಕೂತು, ಪಕ್ಕದ ದಿಮ್ಮಿಗಳ ನಡುವೆ ಬಾಯಿ ಬಿಡುತ್ತದೆ. ಸ್ಕ್ಯಾಂಡಿನೇವಿಯಾದ ಬಡಗಿಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಬಾಗಿಲ ಮೇಲೆ ಕೆಲವು ಬೆರಳಷ್ಟು ಜಾಗ ಖಾಲಿ ಬಿಟ್ಟು, ಅದಕ್ಕೆ ಪಾಚಿಯಂಥ ಮೆತ್ತನೆಯದ್ದನ್ನು ತುರುಕಿ, ಮುಂದೆ ಒಂದು ಹಲಗೆ ಮುಚ್ಚುವುದು. ದಿಮ್ಮಿಯ ತುದಿಗಳು ಕಂಬದ ಪಕ್ಕದಲ್ಲಿ ತೋಡಿನಲ್ಲಿ ಜಾರಿದಂತೆ ಮೇಲೆ ಕೆಳಗೆ ಜಾರುತ್ತವೆ, ಮೊಳೆ ಹೊಡೆದು ಬಿಗಿಯುವುದಿಲ್ಲ. ಮರದ ಗುಣದ ಜೊತೆ ಜಗಳವಾಡದೆ ಅದಕ್ಕೆ ಜಾಗ ಬಿಟ್ಟುಕೊಟ್ಟ ಈ ಕೆಲಸ ನನ್ನ ಪ್ರಕಾರ ಯಾವ ಎಂಜಿನಿಯರಿಂಗ್‌ಗೂ ಕಡಿಮೆಯಿಲ್ಲ.

ನಾರ್ವೆಯಲ್ಲಿ ನೆಟ್ಟನೆಯ ಪೈನ್ ಇತ್ತು. ಮೇಲಿನ ದಿಮ್ಮಿಯ ತಳವನ್ನು ಕೆಳಗಿನದರ ಬೆನ್ನಿಗೆ ತಕ್ಕಂತೆ ಉದ್ದಕ್ಕೂ ಕೆತ್ತಿ, ನಡುವೆ ಪಾಚಿ ಹಾಸಿ ಕೂರಿಸುತ್ತಿದ್ದರು. ಅಯೋವಾದ ಈ ಕಡೆ ಓಕ್ ಜಾಸ್ತಿ, ಗಟ್ಟಿ ಮರ, ಚಳಿಗಾಲ ಹತ್ತಿರ, ಕೆಲಸಕ್ಕೆ ಕೈಗಳೂ ಕಡಿಮೆ. ಹಾಗಾಗಿ ಅಮೆರಿಕಕ್ಕೆ ಬಂದ ಎಷ್ಟೋ ಜನ ಸಂದಿ ಬಿಟ್ಟೇ ದಿಮ್ಮಿ ಪೇರಿಸಿ, ಮಣ್ಣು, ಸುಣ್ಣ ಮೆತ್ತುವ ಅಲ್ಲಿನ ರೂಢಿಗೆ ಹೊಂದಿಕೊಂಡರು.

ಮೂಲೆಗಳಲ್ಲಿ ದಿಮ್ಮಿಗಳು ಕಚ್ಚುಗಳಿಂದ ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಇಂಥ ಮನೆಯನ್ನು ಬಿಚ್ಚಿ, ದಿಮ್ಮಿಗಳಿಗೆ ಗುರುತು ಹಾಕಿ, ಬೇರೆ ಕಡೆ ಮತ್ತೆ ಜೋಡಿಸಬಹುದು. ಎಗ್ಗೆಯವರ ಮನೆಯನ್ನೂ 1913ರಲ್ಲಿ ಹತ್ತಿರದ ಡೆಕೋರಾ ಪಟ್ಟಣದ ಲೂಥರ್ ಕಾಲೇಜಿನ ಆವರಣಕ್ಕೆ ಸಾಗಿಸಿದರು. ಆ ಕಾಲೇಜು ಹುಟ್ಟುವುದರಲ್ಲಿ ಕೊರೆನ್ ಅವರ ಕೈಯೂ ಇತ್ತು. ಮನೆ ಈಗ ಡೆಕೋರಾದ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯದ ಪಾಲಿನದು.

ಇಂಥ ಹಳೆಯ ಮನೆಗಳನ್ನು ಉಳಿಸಲು ಹೋದವರು ಕೆಲವು ಕಡೆ ಮಾಡಿದ ಒಂದು ಕೆಲಸ ಮಾತ್ರ ನನಗೆ ಬೇಜಾರು ತರಿಸುತ್ತದೆ. ಸುಣ್ಣ, ಮಣ್ಣು ಉದುರಿದಲ್ಲಿ ಗಟ್ಟಿಯಾಗಿರಲಿ ಅಂತ ಸಿಮೆಂಟ್ ಮೆತ್ತಿಬಿಟ್ಟರು. ಮರ ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ, ಸಿಮೆಂಟ್ ಹಾಗಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಮಳೆನೀರು ಒಳಗೆ ಇಳಿದು ಹೊರಬರಲು ದಾರಿಯಿಲ್ಲದೆ ನಿಲ್ಲುತ್ತದೆ. ಮರದ ತೇವ ನೂರಕ್ಕೆ 20 ದಾಟಿ ಮೇಲೇರುತ್ತಿದ್ದಂತೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಸುಣ್ಣ ಉದುರುತ್ತದೆ ನಿಜ, ಆದರೆ ಅದು ತೇವವನ್ನು ಹೊರಗೆ ಬಿಡುತ್ತದೆ, ಉದುರಿದರೆ ಮತ್ತೆ ಮೆತ್ತಬಹುದು. ಕೊಳೆತ ದಿಮ್ಮಿಯನ್ನು ಬದಲಿಸಬೇಕೆಂದರೆ ಮೇಲಿನ ಇಡೀ ಗೋಡೆಯನ್ನು ಜಾಕ್ ಕೊಟ್ಟು ಎತ್ತಬೇಕು.