ಬಗ್ ಟ್ರ್ಯಾಕಿಂಗ್ ಟಿಪ್ಪಣಿ: ಈ ಬಗ್ ಈಗ ಯಾರ ಕೈಯಲ್ಲಿದೆ?

ಹುಬ್ಬಳ್ಳಿಯಲ್ಲಿ ನಾನು ಇಂಟರ್ನ್ ಆಗಿ ಸೇರಿದ ಸಣ್ಣ ಆಫೀಸಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದರು. ಬಗ್‌ಗಳೆಲ್ಲ, ಅಂದರೆ ಸಾಫ್ಟ್‌ವೇರಿನಲ್ಲಿ ಕಂಡ ತಪ್ಪುಗಳೆಲ್ಲ, ಒಂದೇ ವಾಟ್ಸಾಪ್ ಗ್ರೂಪಿಗೆ ಬರುತ್ತಿದ್ದವು. ಒಂದು ಬೆಳಗ್ಗೆ ಬ್ಯಾಡಗಿಯ ಅಂಗಡಿಯವರೊಬ್ಬರು, "ಬಿಲ್ಲಿನಾಗ ತೂಕ ತಪ್ಪ ಬರಾಕತ್ತೈತ್ರೀ" ಅಂತ ವಾಯ್ಸ್ ಮೆಸೇಜ್ ಹಾಕಿದರು. ನಮ್ಮ ಡೆವಲಪರ್ "ನೋಡ್ತೀನ್ರಿ" ಅಂದರು. ಸಂಜೆಯ ಹೊತ್ತಿಗೆ ಆ ಮೆಸೇಜ್ ಎಲ್ಲೋ ಮೇಲೆ ಹೋಗಿತ್ತು. ಅವರು ಸರಿ ಮಾಡಿರುತ್ತಾರೆ ಅಂತ ನಾನು ಅಂದುಕೊಂಡೆ. ನಾನು ಟೆಸ್ಟ್ ಮಾಡಿ ವಿವರ ಕೊಡಲಿ ಅಂತ ಅವರು ಕಾದರು. ನಾಲ್ಕು ದಿನ ಹಾಗೇ ಹೋಯಿತು.

ತಪ್ಪು ಸಣ್ಣದಾಗಿರಲಿಲ್ಲ. ಚೀಲದ ತೂಕ 38.5 ಕಿಲೊ ಅಂತ ಹಾಕಿದರೆ ಬಿಲ್ಲಿನಲ್ಲಿ 38 ಮಾತ್ರ ಬರುತ್ತಿತ್ತು. ಕ್ವಿಂಟಲ್‌ಗೆ 20,000 ರೂಪಾಯಿ ದರ ಅಂತ ಹಿಡಿಯಿರಿ. ಅರ್ಧ ಕಿಲೊಗೆ 100 ರೂಪಾಯಿ. ಅಂಥ 40 ಚೀಲ ತಂದ ರೈತರಿಗೆ 4,000 ರೂಪಾಯಿ ಕಡಿಮೆ ಬರುತ್ತದೆ.

ಆ ನಾಲ್ಕು ದಿನ ಆ ಬಗ್ ಯಾರ ಕೈಯಲ್ಲೂ ಇರಲಿಲ್ಲ. ಅದು ಗೊತ್ತಾದ ಮೇಲೆಯೇ ನಾನು ಈ ವಿಷಯ ಕೂತು ಓದಿದ್ದು. ಬಗ್ ಟ್ರ್ಯಾಕಿಂಗ್ ಅಂದರೆ ಯಾವ ಟೂಲ್ ತಗೋಬೇಕು ಅನ್ನುವ ಪ್ರಶ್ನೆ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಆಮೇಲಿನ ಮಾತು. ಯಾವ ಹೊತ್ತಿನಲ್ಲಿ ಕೇಳಿದರೂ "ಈ ಬಗ್‌ನ ಮುಂದಿನ ಹೆಜ್ಜೆ ಇಂಥವರದು" ಅಂತ ಒಂದೇ ಒಂದು ಹೆಸರು ಹೇಳಲು ಬರಬೇಕು. ಎರಡು ಹೆಸರು ಬಂದರೆ ಯಾರೂ ಇಲ್ಲ ಅಂತಲೇ ಲೆಕ್ಕ.

ಬಗ್ ಬರೆಯುವುದು

ಮಾರ್ಕೆಟ್ ಯಾರ್ಡಿನಲ್ಲಿ ಚೀಲಗಳ ರಾಶಿ ನೋಡಿದ್ದೀರಲ್ವಾ? "ಆ ಕೆಂಪು ರಾಶಿ" ಅಂದರೆ ಯಾರಿಗೂ ತಿಳಿಯುವುದಿಲ್ಲ, ಎಲ್ಲವೂ ಕೆಂಪೇ. ಲಾಟ್ ನಂಬರ್ ಹೇಳಬೇಕು. ಬಗ್‌ಗೂ ಮೊದಲು ಒಂದು ನಂಬರ್ ಬೇಕು. ಆಮೇಲೆ ಅದು ಮತ್ತೆ ಬರುವಂತೆ ಮಾಡುವ ದಾರಿ ಬೇಕು. "ತೂಕ ತಪ್ಪು ಬರುತ್ತಿದೆ" ಅನ್ನುವುದು ದೂರು. ಟಿಕೆಟ್, ಅಂದರೆ ಬಗ್‌ನ ದಾಖಲೆ, ಹೀಗಿರಬೇಕು: ಹೊಸ ಬಿಲ್ ತೆರೆದೆ, ತೂಕದ ಜಾಗದಲ್ಲಿ 38.5 ಹಾಕಿದೆ, ಸೇವ್ ಮಾಡಿ ಪ್ರಿಂಟ್ ಕೊಟ್ಟೆ. 38.5 ಬರಬೇಕಿತ್ತು, 38 ಬಂತು. ಇಂಥ ವರ್ಷನ್, ವಿಂಡೋಸ್ ಕಂಪ್ಯೂಟರ್. ಇಷ್ಟಿದ್ದರೆ ಡೆವಲಪರ್ ಯಾರನ್ನೂ ಕೇಳದೆ ತಮ್ಮ ಕಂಪ್ಯೂಟರಿನಲ್ಲೇ ಅದನ್ನು ನೋಡಬಹುದು.

ಸ್ಕ್ರೀನ್‌ಶಾಟ್ ಒಂದೇ ಸಾಕು ಅಂದುಕೊಳ್ಳಬೇಡಿ. ನಮಗೆ ಇನ್ನೊಂದು ಬಗ್ ಬಂದಿತ್ತು: ಪಟ್ಟಿಯಲ್ಲಿ ಮಂಜುನಾಥ್ ಅನ್ನುವ ಹೆಸರು ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಎರಡೂ ಕಡೆ ಅಕ್ಷರ ಒಂದೇ. ಪಠ್ಯವನ್ನೇ ಕಾಪಿ ಮಾಡಿ ಟಿಕೆಟ್‌ಗೆ ಅಂಟಿಸಿದಾಗ ವಿಷಯ ಗೊತ್ತಾಯಿತು. ಒಂದರ ಕೊನೆಯ 'ಥ್' ಆದಮೇಲೆ ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುವ, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರ ಕೂತಿತ್ತು. ಅರ್ಧಾಕ್ಷರದ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವುದು ಅದರ ಕೆಲಸ. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯಲು ಅದು ಬೇಕೇಬೇಕು. ಆದರೆ ಪದದ ಕೊನೆಯಲ್ಲಿ ಸುಮ್ನೆ ಸೇರಿಕೊಂಡರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಕನ್ನಡದಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವರು ಇದನ್ನು ಗುರುತು ಹಾಕಿಕೊಳ್ಳಿ, ಖಂಡಿತ ಎದುರಾಗುತ್ತದೆ.

ಸ್ಟೇಟಸ್‌ಗಳು

ಬಗ್ ಈಗ ಯಾವ ಹಂತದಲ್ಲಿದೆ ಅಂತ ಹೇಳುವುದೇ ಸ್ಟೇಟಸ್. ಬಗ್ ಟ್ರ್ಯಾಕಿಂಗ್ ಟೂಲ್ ಆದ ಬಗ್‌ಜಿಲ್ಲಾದ ಹೆಸರು ಕೇಳಿರಬಹುದು. ಮೊಜಿಲ್ಲಾ ಬ್ರೌಸರ್ ಯೋಜನೆಗಾಗಿ ಟೆರ್ರಿ ವೈಸ್‌ಮನ್ ಬರೆದ ಇದು 1998ರಲ್ಲಿ ಹೊರಬಂತು. 2002ರಲ್ಲಿ ಬಂದ ಜಿರಾ ಅನ್ನುವ ಇನ್ನೊಂದು ಟೂಲಿನ ಹೆಸರಿಗೂ ಇದೇ ಮೂಲ. ಜಿರಾ ಮಾಡಿದವರು ಮೊದಲು ಬಗ್‌ಜಿಲ್ಲಾ ಬಳಸುತ್ತಿದ್ದರು. ಅದನ್ನು ಗಾಡ್ಜಿಲ್ಲಾದ ಜಪಾನಿ ಹೆಸರಾದ ಗೊಜಿರಾ ಅಂತ ಕರೆಯುತ್ತಿದ್ದರು. ಅದರ ಬಾಲವೇ ಜಿರಾ ಆಯಿತು.

ಬಗ್‌ಜಿಲ್ಲಾದಿಂದ ನಾನು ಮುಖ್ಯವಾಗಿ ಕಲಿತದ್ದು, ರಿಸಾಲ್ವ್ಡ್ ಬೇರೆ, ವೆರಿಫೈಡ್ ಬೇರೆ. ಡೆವಲಪರ್ "ನನ್ನ ಕೆಲಸ ಮುಗಿಯಿತು" ಅಂದಾಗ ಬಗ್ ರಿಸಾಲ್ವ್ಡ್ ಆಗುತ್ತದೆ, ಮುಚ್ಚುವುದಿಲ್ಲ. ಟೆಸ್ಟ್ ಮಾಡುವವರ ಕೈಗೆ ಬರುತ್ತದೆ. ಅವರು ಹೊಸ ಬಿಲ್ಡ್‌ನಲ್ಲಿ, ಅಂದರೆ ಕೋಡ್ ಬದಲಿಸಿ ತಯಾರಿಸಿದ ಸಾಫ್ಟ್‌ವೇರಿನಲ್ಲಿ, ಅದೇ ಹೆಜ್ಜೆಗಳನ್ನು ಹಾಕಿ ನೋಡಿದ ಮೇಲೆ ವೆರಿಫೈಡ್. ಇನ್ನೂ ಬರುತ್ತಿದ್ದರೆ ರೀಓಪನ್ ಆಗಿ ಡೆವಲಪರ್ ಕೈಗೆ ವಾಪಸ್. ಸ್ಟೇಟಸ್ ಬದಲಾದಾಗ ಹೆಸರೂ ಬದಲಾಗುತ್ತದೆ ಅನ್ನುವುದನ್ನು ಗಮನಿಸಿ.

ರಿಸಾಲ್ವ್ಡ್ ಅಂದರೆ ಸರಿಯಾಯಿತು ಅಂತಲೇ ಅಲ್ಲ. ಡುಪ್ಲಿಕೇಟ್ ಇರಬಹುದು, ಅದು ಬಗ್ ಆಗಿಯೇ ಇಲ್ಲದಿರಬಹುದು, ಸರಿ ಮಾಡುವುದಿಲ್ಲ ಅಂತ ತೀರ್ಮಾನ ಆಗಿರಬಹುದು. "ನನ್ನ ಕಂಪ್ಯೂಟರಿನಲ್ಲಿ ಬರುತ್ತಿಲ್ಲ" ಅನ್ನುವುದಕ್ಕೂ ಬಗ್‌ಜಿಲ್ಲಾದಲ್ಲಿ ವರ್ಕ್ಸ್‌ಫಾರ್ಮೀ ಅಂತ ಒಂದು ಹೆಸರಿದೆ. ಯಾವುದೇ ಆಗಲಿ, ಕಾರಣ ಒಂದು ಸಾಲು ಬರೆಯದೆ ಮುಚ್ಚಬಾರದು. ಬಗ್ ಕಳಿಸಿದವರು ಸಮಯ ಕೊಟ್ಟು ಬರೆದಿರುತ್ತಾರೆ. ಅವರಿಗೆ ಉತ್ತರ ಸಿಗದಿದ್ದರೆ ಮುಂದಿನ ಸಲ ಹೇಳುವುದೇ ಇಲ್ಲ.

ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣ ಬಳಸುವವರಿಗೆ ಒಂದು ಎಚ್ಚರಿಕೆ. ಕಮಿಟ್ ಮೆಸೇಜಿನಲ್ಲಿ, ಅಂದರೆ ಕೋಡಿನ ಬದಲಾವಣೆ ಉಳಿಸುವಾಗ ಬರೆಯುವ ಟಿಪ್ಪಣಿಯಲ್ಲಿ, 'ಫಿಕ್ಸಸ್' ಅಂತ ಬರೆದು ಬಗ್ ನಂಬರ್ ಹಾಕಿದರೆ, ಆ ಕೋಡ್ ಮುಖ್ಯ ಬ್ರಾಂಚಿಗೆ (ಕೋಡಿನ ಮುಖ್ಯ ಪ್ರತಿಗೆ) ಸೇರಿದ ಕೂಡಲೇ ಇಶ್ಯೂ (ಅಲ್ಲಿ ಟಿಕೆಟ್‌ಗೆ ಆ ಹೆಸರು) ತಾನಾಗಿಯೇ ಮುಚ್ಚುತ್ತದೆ. ಯಾರೂ ಟೆಸ್ಟ್ ಮಾಡಿರುವುದಿಲ್ಲ. ನಂಬರ್ ಹಾಕಿ, ಅದು ಬಹಳ ಉಪಯೋಗ. ಆದರೆ ಆ ಪದ ಬಿಡಿ.

ಯಾವುದು ಮೊದಲು

ಸಿವಿಯರಿಟಿ ಅಂದರೆ ಏಟು ಎಷ್ಟು ದೊಡ್ಡದು. ಪ್ರಯಾರಿಟಿ ಅಂದರೆ ಎಷ್ಟು ಬೇಗ ಮಾಡಬೇಕು. ಇವೆರಡನ್ನೂ ಒಂದೇ ಅಂತ ಓದಿಕೊಂಡು ಇಂಟರ್‌ವ್ಯೂನಲ್ಲಿ ತಡವರಿಸುವವರು ಜಾಸ್ತಿ. ಬಿಲ್ಲಿನ ತಲೆಬರಹದಲ್ಲಿ ಅಂಗಡಿಯ ಹೆಸರೇ ತಪ್ಪಾಗಿದ್ದರೆ ಲೆಕ್ಕಕ್ಕೇನೂ ಧಕ್ಕೆಯಿಲ್ಲ, ಆದರೂ ಇವತ್ತೇ ಸರಿ ಮಾಡಬೇಕು. ಮಾರ್ಚ್ ಕೊನೆಯಲ್ಲಿ ಮಾತ್ರ ತೆಗೆಯುವ ವರ್ಷದ ರಿಪೋರ್ಟ್ ತೆರೆಯುವಾಗ ಸಾಫ್ಟ್‌ವೇರ್ ನಿಂತೇಹೋಗುತ್ತದೆ ಅಂದರೆ ಏಟು ದೊಡ್ಡದು, ಆದರೆ ಜೂನ್ ತಿಂಗಳಲ್ಲಿ ಅದು ಕಾಯಬಹುದು. ತೂಕದ ಬಗ್ ಎರಡರಲ್ಲೂ ಮೇಲು. ಅದರಲ್ಲೂ ಮೆಣಸಿನಕಾಯಿ ಆವಕ ಜೋರಿರುವ ಫೆಬ್ರವರಿಯಲ್ಲಿ ಕೇಳಲೇಬೇಡಿ.

ಡೆಬಿಯನ್ ಅನ್ನುವ ಲಿನಕ್ಸ್ ಯೋಜನೆಯಲ್ಲಿ ಸಿವಿಯರಿಟಿಗೆ 7 ಹಂತಗಳಿವೆ, ಕೊನೆಯದು ವಿಶ್‌ಲಿಸ್ಟ್. ಐದಾರು ಜನರ ತಂಡಕ್ಕೆ 3 ಸಾಕು. ಜಾಸ್ತಿ ಇಟ್ಟರೆ ಯಾವ ಹಂತ ಅಂತ ವಾದ ಮಾಡುವುದರಲ್ಲೇ ಹೊತ್ತು ಹೋಗುತ್ತದೆ.

ಹೊಸ ಬಗ್‌ಗಳನ್ನು ಒಟ್ಟಿಗೆ ಕೂತು ನೋಡಿ ಯಾರಿಗೆ ಅಂತ ಹಂಚುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ನಮ್ಮ ಡೆವಲಪರ್ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದು 10ಕ್ಕೆ ತಲುಪುತ್ತಿದ್ದರು, ಹಾಗಾಗಿ 10.15ಕ್ಕೆ ಟ್ರಯಾಜ್ ಅಂತ ಇಟ್ಟುಕೊಂಡೆವು. ಕಾಲು ಗಂಟೆ, ಅಷ್ಟೇ. ಅಲ್ಲಿ ಪರಿಹಾರ ಹುಡುಕಲು ಕೂರಬಾರದು.

ನಾವು ಶುರು ಮಾಡಿದ್ದು ಒಂದು ಗೂಗಲ್ ಶೀಟ್‌ನಲ್ಲಿ. ನಂಬರ್, ಒಂದು ಸಾಲಿನ ವಿವರ, ಹೆಜ್ಜೆಗಳು, ಸ್ಟೇಟಸ್, ಪ್ರಯಾರಿಟಿ, ಈಗ ಯಾರ ಕೈಯಲ್ಲಿ. ವಾಟ್ಸಾಪ್ ಗ್ರೂಪ್ ಮುಚ್ಚಲಿಲ್ಲ, ಅಂಗಡಿಯವರಿಗೆ ಅದೇ ಸುಲಭ. ಅಲ್ಲಿ ಬಂದದ್ದನ್ನು ಶೀಟ್‌ಗೆ ಏರಿಸಿ, ನಂಬರನ್ನು ವಾಪಸ್ ಅವರಿಗೆ ಹೇಳುವುದು ನನ್ನ ಕೆಲಸವಾಯಿತು.

ತೂಕದ ಬಗ್‌ಗೆ 1 ಅನ್ನುವ ನಂಬರ್ ಬಿತ್ತು. ಡೇಟಾಬೇಸ್‌ನಲ್ಲಿ ತೂಕದ ಕಾಲಂ ಪೂರ್ಣಾಂಕ ಆಗಿತ್ತು, ಅದನ್ನು ದಶಮಾಂಶಕ್ಕೆ ಬದಲಿಸಿದರು. ಬ್ಯಾಡಗಿಯಿಂದ 38.5 ಅಂತ ಮುದ್ರಿಸಿದ ಬಿಲ್ಲಿನ ಫೋಟೊ ಬಂದ ಮೇಲೆಯೇ ಅದನ್ನು ಮುಚ್ಚಿದೆವು. ಆದರೆ ಆ ನಾಲ್ಕು ದಿನ ಕೊಟ್ಟ ಬಿಲ್‌ಗಳು ಹಾಗೇ ತಪ್ಪಾಗಿದ್ದವು. ಯಾವ ರೈತರಿಗೆ ಎಷ್ಟು ಕಡಿಮೆ ಹೋಗಿದೆ ಅಂತ ಅಂಗಡಿಯ ತೂಕದ ಚೀಟಿ ನೋಡಿ ಲೆಕ್ಕ ತೆಗೆಯಬೇಕಿತ್ತು. ಅದಕ್ಕೆ 2ನೇ ನಂಬರ್ ಕೊಟ್ಟು, ಕೈಯಲ್ಲಿ ಅನ್ನುವ ಕಾಲಂನಲ್ಲಿ ನನ್ನ ಹೆಸರು ಬರೆದೆ.