ಮನೆಯಿಲ್ಲ, ಫೋನಿಲ್ಲ, ಆಧಾರ್ ಕಾರ್ಡೂ ಹೋಯ್ತು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮೆಜೆಸ್ಟಿಕ್ ಹತ್ತಿರ ಫುಟ್‌ಪಾತ್ ಮೇಲೆ ಮಲಗುವ ಒಬ್ಬರ ಚೀಲ ಕಳುವಾಗಿದೆ. ಆಧಾರ್, ವೋಟರ್ ಐಡಿ, ರೇಷನ್ ಕಾರ್ಡ್, ಮೊಬೈಲ್ ಎಲ್ಲ ಅದರಲ್ಲೇ ಇದ್ದವು. ವಿಳಾಸಕ್ಕೆ ದಾಖಲೆ ಏನೂ ಇಲ್ಲ. ಹೊಸ ಆಧಾರ್ ಮಾಡಿಸುವುದು ಹೇಗೆ?

ಉತ್ತರ: ಮಾಡಿಸಬೇಡಿ. ಈ ಪ್ರಶ್ನೆ ಎಷ್ಟು ಸಲ ಬಂದರೂ ‘ಹೊಸ’ ಎಂಬ ಪದವನ್ನು ಜೊತೆಗೇ ಕರೆದುಕೊಂಡು ಬರುತ್ತದೆ. ಮುಕ್ಕಾಲು ಪಾಲು ತೊಂದರೆ ಹುಟ್ಟುವುದೂ ಅಲ್ಲೇ.

ಕಳುವಾಗಿದ್ದು ಕಾಗದ. ಹನ್ನೆರಡು ಅಂಕಿಯ ಸಂಖ್ಯೆ, ಹತ್ತು ಬೆರಳಿನ ಅಚ್ಚು, ಎರಡು ಕಣ್ಣಿನ ಪಾಪೆಯ ಗುರುತು ಆಧಾರ್ ಕೊಡುವ ಪ್ರಾಧಿಕಾರದ (ಯುಐಡಿಎಐ) ಕಂಪ್ಯೂಟರಿನಲ್ಲಿ ಇದ್ದಲ್ಲೇ ಇವೆ. ಹೊಸದಾಗಿ ನೋಂದಣಿ ಮಾಡಿಸಿದರೆ ಆ ಬೆರಳಚ್ಚನ್ನು ಈಗಾಗಲೇ ಇರುವ ಎಲ್ಲರ ಬೆರಳಚ್ಚಿನ ಜೊತೆ ತಾಳೆ ನೋಡುತ್ತಾರೆ. ಹಳೆಯದು ಸಿಕ್ಕ ಕೂಡಲೇ ಅರ್ಜಿ ‘ನಕಲು’ ಎಂದು ತಿರಸ್ಕಾರವಾಗುತ್ತದೆ. ಹೆಸರಿನ ಅಕ್ಷರ ಬದಲಿಸಿದರೂ, ಹುಟ್ಟಿದ ವರ್ಷ ತಿದ್ದಿದರೂ ಬೆರಳು ಅದೇ ತಾನೇ? ಸಾಲದ್ದಕ್ಕೆ ಹದಿನೆಂಟು ದಾಟಿದವರ ಹೊಸ ನೋಂದಣಿ ರಾಜ್ಯ ಸರ್ಕಾರದ ಪರಿಶೀಲನೆಗೆ ಹೋಗುತ್ತದೆ, ಅದಕ್ಕೆ 180 ದಿನದವರೆಗೂ ಹಿಡಿಯಬಹುದು. ಆರು ತಿಂಗಳು ಕಾದು ಕೊನೆಗೆ ಕೈಗೆ ಬರುವುದು ತಿರಸ್ಕಾರದ ಸಂದೇಶ. ಹೊಸ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಆದರೂ ಸೆಂಟರ್ ಹೊರಗೆ ನಿಂತ ಏಜೆಂಟ್ ಅದಕ್ಕೇ ದುಡ್ಡು ಕೇಳುತ್ತಾನೆ, ದಿನದ ಕೂಲಿ ಕಳೆದುಕೊಂಡು ಬಂದವರು ಕೊಟ್ಟೂ ಕೊಡುತ್ತಾರೆ.

ಈ ನಂಬಿಕೆಯ ತಮ್ಮನೊಬ್ಬ ಇದ್ದಾನೆ: ‘ಮನೆ ವಿಳಾಸ ಇಲ್ಲದೆ ಆಧಾರ್ ಕೊಡಲ್ಲ.’ ಇರುವ ಆಧಾರ್‌ನ ಮತ್ತೊಂದು ಪ್ರತಿಗೆ ವಿಳಾಸದ ದಾಖಲೆಯನ್ನು ಯಾರೂ ಕೇಳಬೇಕಾಗಿಲ್ಲ. ಎಫ್‌ಐಆರ್ ಕೂಡ ಬೇಡ. ಮುದ್ರಣದಲ್ಲಿ ಹಳೆಯ ಊರಿನ ವಿಳಾಸವೇ ಬರುತ್ತದೆ. ಬರಲಿ ಬಿಡಿ, ಗುರುತಿನ ಚೀಟಿಯಾಗಿ ಅದು ದೇಶದಲ್ಲೆಲ್ಲ ನಡೆಯುತ್ತದೆ.

ಹಾಗಾದರೆ ಮಾಡುವುದೇನು? ಆ ವ್ಯಕ್ತಿಯನ್ನೇ ಆಧಾರ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅವರ ಪರವಾಗಿ ನೀವೊಬ್ಬರೇ ಹೋದರೆ ಕೆಲಸ ಆಗದು, ಬೆರಳು ಅವರದ್ದೇ ಬೇಕು. ‘ಆಧಾರ್ ಹುಡುಕಿ ಪ್ರಿಂಟ್ ಕೊಡಿ’ ಎಂದೇ ಕೇಳಿ. ‘ಕಾರ್ಡ್ ಮಾಡಿಸಬೇಕು’ ಎಂದರೆ ಆಪರೇಟರ್ ನೋಂದಣಿ ಅರ್ಜಿ ಕೈಗಿಡುತ್ತಾರೆ, ಮತ್ತೆ ಮೊದಲಿನ ಗುಂಡಿಗೇ ಬಿದ್ದ ಹಾಗೆ. ಹುಡುಕಲು ಹೆಸರು, ಗಂಡೋ ಹೆಣ್ಣೋ, ಜಿಲ್ಲೆ ಅಥವಾ ಪಿನ್‌ಕೋಡ್ ಬೇಕು. ಅದರ ಮೇಲೆ ಒಂದು ಬೆರಳಚ್ಚು ಅಥವಾ ಕಣ್ಣು. ಒಂದೇ ಹೆಸರಿನವರು ಹಲವರು ಬಂದರೆ ಹುಟ್ಟಿದ ವರ್ಷ, ತಂದೆಯ ಅಥವಾ ಗಂಡನ ಹೆಸರು ಕೇಳುತ್ತಾರೆ. 2025ರ ಅಕ್ಟೋಬರ್‌ನಿಂದ ಈ ಸೇವೆಗೆ 40 ರೂಪಾಯಿ, ಮೊದಲು 30 ಇತ್ತು.

ಎಡವುವುದು ಪಿನ್‌ಕೋಡಿನಲ್ಲಿ. ಈಗ ಮಲಗುವ ಜಾಗದ್ದನ್ನು ಕೊಡುತ್ತಾರೆ, ಆಧಾರ್ ಮಾಡಿಸಿದ್ದು ಹತ್ತು ವರ್ಷದ ಹಿಂದೆ ರಾಯಚೂರಿನ ಕಡೆಯ ಹಳ್ಳಿಯಲ್ಲಿ. ಬೇಕಾದದ್ದು ಹಳ್ಳಿಯ ಪಿನ್‌ಕೋಡ್. ನೆನಪಿಲ್ಲದಿದ್ದರೆ ಊರಿನ ಅಂಚೆ ಕಚೇರಿಯ ಹೆಸರು ಕೇಳಿ, ಅದರಿಂದ ಹುಡುಕಬಹುದು. ಹೆಸರೂ ಆಗ ಬರೆಸಿದಂತೆಯೇ ಇರಬೇಕು: ‘ಹನುಮಂತ’ನೋ, ‘ಹನುಮಂತಪ್ಪ’ನೋ, ಮುಂದೆ ಇನಿಶಿಯಲ್ ಇತ್ತೋ. ನಾಲ್ಕು ಬಗೆಯಲ್ಲಿ ಹಾಕಿ ನೋಡಲು ಆಪರೇಟರಿಗೆ ತಾಳ್ಮೆ ಇರಬೇಕು, ಇಲ್ಲದಿದ್ದರೆ ನಿಮಗಿರಲಿ. ಸಿಮೆಂಟು, ಜಲ್ಲಿ ಹೊತ್ತು ಬೆರಳು ಸವೆದಿದ್ದರೆ ಕೈ ತೊಳೆಸಿ, ಒರೆಸಿ, ಹತ್ತೂ ಬೆರಳು ಪ್ರಯತ್ನಿಸಿ. ಆಗದಿದ್ದರೆ ಕಣ್ಣಿನಿಂದ ನೋಡಿ ಎಂದು ಕೇಳಿ. ಒಂದು ಬೆರಳು ತಾಳೆಯಾಗಲಿಲ್ಲ ಎಂದು ಎದ್ದು ಬರಬೇಡಿ.

ಸೆಂಟರಿಗೆ ಹೋಗುವ ಮೊದಲು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡುವುದು ಒಳ್ಳೆಯದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ವಿವರ ಹೊಂದಿದರೆ ನೋಂದಣಿ ಸಂಖ್ಯೆ (ಆಧಾರ್ ಮಾಡಿಸಿದಾಗ ಕೊಟ್ಟ ರಸೀದಿಯಲ್ಲಿದ್ದದ್ದು) ಹೇಳುತ್ತಾರೆ, ಅದು ಕೈಯಲ್ಲಿದ್ದರೆ ಸೆಂಟರಿನಲ್ಲಿ ಹುಡುಕಾಟವೇ ತಪ್ಪುತ್ತದೆ. ಪಿವಿಸಿ ಕಾರ್ಡ್, ಅಂದರೆ ಪ್ಲಾಸ್ಟಿಕ್ ಆಧಾರ್, ಮಾತ್ರ ಆರ್ಡರ್ ಮಾಡಬೇಡಿ. ಅದು ಸ್ಪೀಡ್ ಪೋಸ್ಟಿನಲ್ಲಿ ಹಳೆಯ ವಿಳಾಸಕ್ಕೆ ಹೋಗುತ್ತದೆ, ಅಲ್ಲಿ ತೆಗೆದುಕೊಳ್ಳಲು ಯಾರಿದ್ದಾರೆ? ಎ4 ಹಾಳೆಯ ಪ್ರಿಂಟಿಗೂ ಅಷ್ಟೇ ಮಾನ್ಯತೆಯಿದೆ.

ಪ್ರಿಂಟ್ ಸಿಕ್ಕ ಮೇಲೆ ಸಿಮ್. ಕಳುವಾದ ನಂಬರೇ ಆಧಾರ್‌ಗೆ ಜೋಡಣೆಯಾಗಿದ್ದರೆ ಅದೇ ನಂಬರಿನ ಸಿಮ್ ವಾಪಸ್ ಪಡೆಯಿರಿ, ಬೇರೇನೂ ಬದಲಿಸಬೇಕಿಲ್ಲ. ಬೇರೆ ನಂಬರಾದರೆ ಸೆಂಟರಿನಲ್ಲಿ ಬೆರಳಚ್ಚು ಕೊಟ್ಟು 75 ರೂಪಾಯಿಗೆ ಜೋಡಿಸಬಹುದು, ದಾಖಲೆ ಬೇಡ. ಏಜೆಂಟನ ನಂಬರ್ ಜೋಡಿಸಲು ಬಿಟ್ಟರೆ ಮುಂದಿನ ಓಟಿಪಿಗಳೆಲ್ಲ ಅವನಿಗೇ ಹೋಗುತ್ತವೆ.

ರೇಷನ್ ಕಾರ್ಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕಾರ್ಡು ಚಾಲ್ತಿಯಲ್ಲಿದ್ದು ಆಧಾರ್ ಜೋಡಣೆಯಾಗಿದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟೇ ಕಾರ್ಡು.

ವಿಳಾಸ ಬದಲಿಸಲೇಬೇಕು ಎಂದಾಗ ಮಾತ್ರ ವಿಳಾಸದ ಮಾತು ಬರುತ್ತದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದಲ್ಲಿದ್ದರೆ ಅದರ ಮುಖ್ಯಸ್ಥರು ಪ್ರಾಧಿಕಾರದ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬಹುದು. ಶಾಸಕರು, ತಹಶೀಲ್ದಾರ್, ಗೆಜೆಟೆಡ್ ಅಧಿಕಾರಿಯೂ ಕೊಡಬಹುದು. ಕಾರ್ಪೊರೇಟರ್ ಕೂಡ ಕೊಡಬಹುದು, ಆದರೆ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಹಾಗಾಗಿ ಜನ ಶಾಸಕರ ಕಚೇರಿಯ ಬಾಗಿಲು ಕಾಯುವುದು ರೂಢಿಯಾಯಿತು. ಲೆಟರ್‌ಹೆಡ್ಡಿನಲ್ಲಿ ‘ಇವರು ನನಗೆ ಗೊತ್ತು’ ಎಂದು ಬರೆದ ಪತ್ರ ನಡೆಯುವುದಿಲ್ಲ, ನಮೂನೆಯೇ ಬೇಕು. ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಸಹಿ, ಮೊಹರು ಇರಬೇಕು. ತಿದ್ದುಪಡಿ ಇರಬಾರದು. ದಿನಾಂಕದಿಂದ ಮೂರು ತಿಂಗಳು ಮಾತ್ರ ಅದಕ್ಕೆ ಆಯುಸ್ಸು.

ವೋಟರ್ ಐಡಿ ವಿಷಯಕ್ಕೆ ಬಂದರೆ, ಪಟ್ಟಿಯಲ್ಲಿ ಹೆಸರಿದ್ದರೆ ನಮೂನೆ 8 ಕೊಟ್ಟು ಬದಲಿ ಚೀಟಿ ಕೇಳಿ. ಹೆಸರೇ ಇಲ್ಲದಿದ್ದರೆ ನಮೂನೆ 6. ಅದರಲ್ಲಿ ಮಲಗುವ ಜಾಗವನ್ನೇ ವಿಳಾಸವೆಂದು ಬರೆಯಬಹುದು, ಇಂಥ ಅಂಗಡಿಯ ಮುಂದೆ, ಇಂಥ ಮೇಲ್ಸೇತುವೆಯ ಕೆಳಗೆ ಎಂದು ಬಿಡಿಸಿ. ಚುನಾವಣಾ ಆಯೋಗದ ನಿಯಮದಂತೆ ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೆ ಬಂದು, ಒಂದಕ್ಕಿಂತ ಹೆಚ್ಚು ರಾತ್ರಿ ನೋಡಿ, ಆ ವ್ಯಕ್ತಿ ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ವಾಸದ ದಾಖಲೆ ಕೇಳುವಂತಿಲ್ಲ. ‘ಬಾಡಿಗೆ ಕರಾರು ತನ್ನಿ’ ಎಂದರೆ ಈ ನಿಯಮವನ್ನು ನೆನಪಿಸಿ. ಅರ್ಜಿ ಕೊಟ್ಟ ಮೇಲೆ ಕೆಲವು ವಾರ ಜಾಗ ಬದಲಿಸದಿರುವುದು ಜಾಣತನ, ಪೊಲೀಸರು ಎಬ್ಬಿಸಿ ಕಳಿಸದಿದ್ದರೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇದೆಲ್ಲ ಮುಗಿಯುವವರೆಗೆ ಕೂಲಿ ದುಡ್ಡನ್ನು ಸೊಂಟದಲ್ಲಿ ಕಟ್ಟಿಕೊಂಡು ಮಲಗಬೇಕಾಗಿಲ್ಲ. ಯಾವ ದಾಖಲೆಯೂ ಇಲ್ಲದವರಿಗೆ ಬ್ಯಾಂಕಿನಲ್ಲಿ ‘ಸಣ್ಣ ಖಾತೆ’ ಎಂಬುದಿದೆ. ಒಂದು ಫೋಟೊ, ಬ್ಯಾಂಕ್ ಅಧಿಕಾರಿಯ ಎದುರಿಗೇ ಸಹಿ ಅಥವಾ ಹೆಬ್ಬೆಟ್ಟು ಸಾಕು. ಒಂದು ಹೊತ್ತಿಗೆ 50,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ವರ್ಷಕ್ಕೆ ಜಮೆ ಒಂದು ಲಕ್ಷ ಮೀರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಖಾತೆ 12 ತಿಂಗಳು ನಡೆಯುತ್ತದೆ. ಅಷ್ಟರೊಳಗೆ ಗುರುತಿನ ದಾಖಲೆಗೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಇನ್ನೂ 12 ತಿಂಗಳು. ಕೌಂಟರಿನವರು ‘ಹಾಗೊಂದು ಖಾತೆಯೇ ಇಲ್ಲ’ ಎಂದರೆ ಮ್ಯಾನೇಜರ್ ಕೋಣೆಗೆ ಹೋಗಿ ಅದೇ ಹೆಸರು ಹೇಳಿ ಕೇಳಿ.