ದಸರಾ ರಜೆ, ಪುರಿ ಪ್ರವಾಸ ಮತ್ತು ಚಂಡಮಾರುತ

ದಾವಣಗೆರೆ, ಚಿತ್ರದುರ್ಗದವರು ಮಕ್ಕಳನ್ನು ಕರೆದುಕೊಂಡು ಪುರಿಗೋ ವಿಶಾಖಪಟ್ಟಣಕ್ಕೋ ಹೊರಡುವುದು ದಸರಾ ರಜೆಯಲ್ಲಿ, ಇಲ್ಲವೇ ಏಪ್ರಿಲ್–ಮೇ ತಿಂಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದೂ ಹೆಚ್ಚುಕಡಿಮೆ ಆಗಲೇ. ಅದಕ್ಕೆ ಕಡಲ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರಷ್ಟೇ ಸಾಲದು. ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ವಿರುದ್ಧ ದಿಕ್ಕಿಗೆ ಜೋರಾಗಿ ಎಳೆಯಬಾರದು. ಜುಲೈ–ಆಗಸ್ಟ್‌ನಲ್ಲಿ ಆಗುವುದು ಇದೇ: ಕೆಳಗೆ ನೈಋತ್ಯದ ಗಾಳಿ, ಎತ್ತರದಲ್ಲಿ ಪೂರ್ವದ ಗಾಳಿ. ಮೋಡದ ಗೋಪುರ ಓರೆಯಾಗಿ ಚದುರಿಹೋಗುತ್ತದೆ. ಮುಂಗಾರು ಹಿಂದೆ ಸರಿದ ಮೇಲೆ ಆ ತಡೆ ಇರುವುದಿಲ್ಲ.

ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದಾಗ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. ಕರಾವಳಿಗೆ ಮುನ್ಸೂಚನೆ ಸುಮಾರು 72, 48, 24 ಗಂಟೆ ಮೊದಲು ಹಂತಹಂತವಾಗಿ ಬರುತ್ತದೆ. 72 ಗಂಟೆಯ ಸೂಚನೆ ಬಂದಾಗ ನೀವಿನ್ನೂ ಮನೆಯಲ್ಲೇ ಇದ್ದರೆ ಪ್ರವಾಸ ಮುಂದೂಡಿ. ಅಲ್ಲೇ ಇದ್ದರೆ 48ರ ಹೊತ್ತಿಗೆ ಒಳನಾಡಿಗೆ ಹೊರಟುಬಿಡಿ. 24 ಗಂಟೆಯವರೆಗೆ ಕಾದರೆ ರೈಲುಗಳು ರದ್ದಾಗತೊಡಗಿರುತ್ತವೆ. ಮುನ್ಸೂಚನೆಯ ನಕ್ಷೆಯಲ್ಲಿ ಅಗಲವಾಗುತ್ತ ಹೋಗುವ ಪಟ್ಟಿ ಚಂಡಮಾರುತದ ಕೇಂದ್ರ ಎಲ್ಲಿರಬಹುದು ಎಂಬುದನ್ನಷ್ಟೇ ತೋರಿಸುತ್ತದೆ. ಮಳೆ ಅದರಾಚೆಗೂ ನೂರಾರು ಕಿ.ಮೀ. ಹರಡಿರುತ್ತದೆ. ಪಟ್ಟಿಯಿಂದ ಹೊರಗಿದ್ದೇವೆ ಎಂದು ನಿಶ್ಚಿಂತರಾಗುವವರು ಮೋಸಹೋಗುವುದು ಇಲ್ಲೇ.

ತಲುಪುವ ಊರಷ್ಟೇ ಅಲ್ಲ, ದಾರಿಯ ಊರನ್ನೂ ನೋಡಬೇಕು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ವಿಮಾನ ನಿಲ್ದಾಣವೇ ಮುಚ್ಚಿತು. ಚೆನ್ನೈ ಮೇಲೆ ಅಂಡಮಾನ್‌ಗೆ ಟಿಕೆಟ್ ಮಾಡಿಸಿದವರಿಗೆ ಈಗ ಶ್ರೀ ವಿಜಯಪುರಂ ಎನ್ನುವ ಪೋರ್ಟ್‌ ಬ್ಲೇರ್‌ನಲ್ಲಿ ಬಿಸಿಲಿದ್ದರೂ ಪ್ರಯೋಜನವಿಲ್ಲ.

ಇನ್ನು ದುಡ್ಡಿನ ಮಾತು. ರೈಲನ್ನು ರೈಲ್ವೆ ಇಲಾಖೆಯೇ ರದ್ದು ಮಾಡಿದರೆ ಇ-ಟಿಕೆಟ್ ಹಣ ಪೂರ್ತಿ ತಾನಾಗಿ ವಾಪಸ್ ಬರುತ್ತದೆ. ಆತುರಪಟ್ಟು ನೀವೇ ರದ್ದು ಮಾಡಿದರೆ ಶುಲ್ಕ ಕಡಿತ. ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ತಡವಾಗಿ ಬರುವುದಿದ್ದು ನೀವು ಹೋಗದಿದ್ದರೆ, ಅದು ಅಲ್ಲಿಂದ ಹೊರಡುವ ಮೊದಲೇ ಟಿಡಿಆರ್ (ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ) ಸಲ್ಲಿಸಿ. ಪ್ರವಾಸ ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಿ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಕೊಂಡ ವಿಮೆ ಆ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ.

ಕಡಲೇ ಬೇಕೆಂದರೆ ದಸರಾಕ್ಕೆ ಗೋಕರ್ಣ, ಮಲ್ಪೆ ಮೇಲು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಕಡಿಮೆ. ಆದರೆ ಮೇ ತಿಂಗಳಲ್ಲಿ ಈ ಲೆಕ್ಕ ನಂಬಬೇಡಿ: 2021ರ ತೌಕ್ತೆ ಗುಜರಾತಿಗೆ ಹೋಗುವ ದಾರಿಯಲ್ಲೇ ನಮ್ಮ ಕರಾವಳಿಯ ದಂಡೆಗಳನ್ನು ಕೊರೆದಿತ್ತು. ಪೂರ್ವ ಕರಾವಳಿಗೆ ಫೆಬ್ರವರಿ ಒಳ್ಳೆಯದು, ಶಾಲೆಯ ಪರೀಕ್ಷೆಯೊಂದು ಅಡ್ಡ ಬರದಿದ್ದರೆ.